ವೋಲ್ಟೇಜ್ ಬೇರೆ, ಕರೆಂಟ್ ಹೋಗುವುದು ಬೇರೆ

ಯಾವುದೇ ತಾಲ್ಲೂಕು ಕೇಂದ್ರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅರ್ಧ ಗಂಟೆ ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: ‘ನಮ್ಮ ಕಡೆ ವೋಲ್ಟೇಜ್ ಪ್ರಾಬ್ಲಂ ಸಾರ್, ಒಂದು ಒಳ್ಳೆ ಯುಪಿಎಸ್ ಕೊಡಿ.’ ಅಂಗಡಿಯವರು ಕೊಡುತ್ತಾರೆ. ಕೊಡದೆ ಏನು, ಬ್ಯಾಟರಿ, ಟ್ರಾಲಿ ಎಲ್ಲ ಸೇರಿ ಇಪ್ಪತ್ತು ಸಾವಿರ ದಾಟುವ ವ್ಯಾಪಾರ. ಕೆಲವು ತಿಂಗಳಾದ ಮೇಲೆ ಅದೇ ಗಿರಾಕಿ ವಾಪಸ್ ಬರುತ್ತಾರೆ: ‘ಬ್ಯಾಟರಿ ನಿಲ್ಲೋದೇ ಇಲ್ಲ ಕಣ್ರೀ, ಫ್ರಿಜ್ ಬೇರೆ ಕೈಕೊಡ್ತು.’ ಆಗ ಒಂದು ಸ್ಟೆಬಿಲೈಸರ್ ಮಾರಾಟವಾಗುತ್ತದೆ.

ಕರೆಂಟ್ ಇಲ್ಲದಿರುವುದು ಒಂದು ತೊಂದರೆ. ಕರೆಂಟ್ ಇದ್ದೂ ಸರಿಯಿಲ್ಲದಿರುವುದು ಇನ್ನೊಂದು. ಯುಪಿಎಸ್ ಮೊದಲನೆಯದಕ್ಕೆ, ಸ್ಟೆಬಿಲೈಸರ್ ಎರಡನೆಯದಕ್ಕೆ. ಎರಡಕ್ಕೂ ಒಂದೇ ಡಬ್ಬ ಸಾಕು ಎಂದುಕೊಂಡಾಗಲೇ ದುಡ್ಡು ಹಾಳಾಗುವುದು. ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯ ಕಾರಣವೂ ಇರುತ್ತದೆ. ಅದು ಅಂಗಡಿಯಲ್ಲಿ ಸಿಗುವಂಥದ್ದಲ್ಲ, ನಿಮ್ಮ ಮನೆಯ ಮುಂದಿನ ಕಂಬದ ಮೇಲಿರುತ್ತದೆ.

ಮನೆಗೆ ಬರಬೇಕಾದದ್ದು 230 ವೋಲ್ಟ್. 1956ರ ಭಾರತೀಯ ವಿದ್ಯುತ್ ನಿಯಮಗಳು ಇದರಲ್ಲಿ ಶೇಕಡಾ 6ರಷ್ಟು ಏರಿಳಿತಕ್ಕೆ ಮಾತ್ರ ಅವಕಾಶ ಕೊಟ್ಟಿದ್ದವು. ಲೆಕ್ಕ ಹಾಕಿದರೆ 216ರಿಂದ 244. ಬೀದಿಯಲ್ಲಿ ನಿಂತು ನೋಡಿದರೆ ಕಥೆಯೇ ಬೇರೆ. ಹಳ್ಳಿಯವರು ಟಿಸಿ ಎನ್ನುವ ಟ್ರಾನ್ಸ್‌ಫಾರ್ಮರ್ 11 ಸಾವಿರ ವೋಲ್ಟನ್ನು 433ಕ್ಕೆ ಇಳಿಸುತ್ತದೆ. ಅದು ಮೂರು ಫೇಸ್‌ಗಳ ನಡುವಿನ ಅಳತೆ. ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಅಳೆದರೆ 250. ಅಂದರೆ ಟಿಸಿಯ ಬುಡದಲ್ಲಿರುವ ಮನೆಗೆ, ಲೋಡ್ ಕಡಿಮೆಯಿರುವ ನಡುರಾತ್ರಿಯಲ್ಲಿ, 250ರ ಹತ್ತಿರ ಬರುವುದು ಸಹಜ. ದಾರಿಯಲ್ಲಿ ತಂತಿ ನುಂಗುವುದನ್ನು ಮುಂದಾಗಿಯೇ ಸೇರಿಸಿ ಕಳಿಸಿರುತ್ತಾರೆ. ಅಲ್ಲಿಂದ ಒಂದೊಂದು ಕಂಬ ದಾಟಿದಂತೆಲ್ಲ ಅದು ಇಳಿಯುತ್ತ ಹೋಗುತ್ತದೆ. ಮದುವೆ ಮನೆಯ ಕೊನೆ ಪಂಕ್ತಿಗೆ ಬಂದ ಪಾಯಸದಂತೆ, ಲೈನಿನ ತುದಿಯ ಮನೆಗೆ ಸಂಜೆ ಏಳಕ್ಕೆ ಉಳಿಯುವುದು 170, 160.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಇನ್ನೊಂದು ಕಾರಣ ಪಂಪ್‌ಸೆಟ್. ಕೃಷಿಗೆ ತ್ರೀ ಫೇಸ್ ಸಿಗುವುದು ದಿನದ ಕೆಲವೇ ಗಂಟೆ. ಉಳಿದ ಹೊತ್ತಿನಲ್ಲಿ ಸಿಂಗಲ್ ಫೇಸ್ ಲೈನಿಗೆ ಕಂಡೆನ್ಸರ್ ಹಾಕಿ ಮೋಟಾರ್ ಓಡಿಸುವ ಕಲೆ ಗೊತ್ತಿಲ್ಲದ ರೈತರಿಲ್ಲ. ಬೆಳೆ ಒಣಗುತ್ತಿರುವವರನ್ನು ಇದಕ್ಕಾಗಿ ಬೈಯಲು ನನಗಂತೂ ಬಾಯಿ ಬಾರದು. ಆದರೆ ಹಾಗೆ ನಾಲ್ಕು ಮೋಟಾರ್ ಶುರುವಾದರೆ ಊರಿನ ಬಲ್ಬೆಲ್ಲ ಮಂಕಾಗುವುದೂ ನಿಜ. ಮನೆಗಳ ಫೀಡರನ್ನು ಪಂಪ್‌ಸೆಟ್ಟಿನಿಂದ ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆ ಬಂದದ್ದು ಈ ತೊಡಕನ್ನು ಬಿಡಿಸಲೆಂದೇ. ಅದು ಮುಟ್ಟಿದ ಊರಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ತೋಟದ ಮನೆಗಳು ಮಾತ್ರ ಹಲವೆಡೆ ಪಂಪ್‌ಸೆಟ್ ಲೈನಿನಲ್ಲೇ ಉಳಿದಿವೆ.

ವೋಲ್ಟೇಜ್ ಕಡಿಮೆಯಾದರೆ ಯಾವುದಕ್ಕೆ ತೊಂದರೆ? ಎಲ್ಲದಕ್ಕೂ ಅಲ್ಲ. ಗೀಸರ್‌ಗೆ ಏನೂ ಆಗುವುದಿಲ್ಲ, ನೀರು ಕಾಯುವುದು ತಡವಾಗುತ್ತದೆ ಅಷ್ಟೆ: 2,000 ವ್ಯಾಟಿನ ಗೀಸರ್ 180 ವೋಲ್ಟಿನಲ್ಲಿ ಕೊಡುವುದು ಸುಮಾರು 1,225 ವ್ಯಾಟ್ ಶಾಖ. ಟಿವಿಯ ಹಿಂಬದಿಯ ಪಟ್ಟಿಯನ್ನು ಟಾರ್ಚ್ ಹಿಡಿದು ಓದಿ. ಬಹುತೇಕ ‘100–240 ವೋಲ್ಟ್, 50/60 ಹರ್ಟ್ಸ್’ ಎಂದು ಅಚ್ಚಾಗಿರುತ್ತದೆ. ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್ ಅಡಾಪ್ಟರ್ ಮೇಲೂ ಅದೇ ಬರಹ. ಇವುಗಳೊಳಗಿನ ಎಲೆಕ್ಟ್ರಾನಿಕ್ ಸರ್ಕ್ಯೂಟ್ 120 ಬಂದರೂ 220 ಬಂದರೂ ತನಗೆ ಬೇಕಾದಷ್ಟನ್ನೇ ಮಾಡಿಕೊಳ್ಳುತ್ತದೆ. ಹಾಗಿದ್ದೂ ಎಲ್‌ಇಡಿ ಟಿವಿ ಜೊತೆಗೆ ಸ್ಟೆಬಿಲೈಸರ್ ಕಟ್ಟುವ ಪದ್ಧತಿ ಇನ್ನೂ ನಿಂತಿಲ್ಲ. ಹಳೆಯ ಪಿಕ್ಚರ್ ಟ್ಯೂಬ್ ಕಾಲದ ರೂಢಿ ಅದು, ಬಿಡಬಹುದು.

ಪೆಟ್ಟು ತಿನ್ನುವುದು ಮೋಟಾರ್. ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಸಿಯುತ್ತದೆ. ವೋಲ್ಟೇಜ್ ಶೇಕಡಾ 20 ಇಳಿದರೆ ಬಲ ಉಳಿಯುವುದು ಶೇಕಡಾ 64. ಹಳೆಯ ಮಾದರಿಯ ಫ್ರಿಜ್ಜಿನ ಕಂಪ್ರೆಸರ್ ಒಳಗಿನ ಗ್ಯಾಸ್ ಒತ್ತಡದ ಎದುರು ಏಳಲಾರದೆ ‘ಹೂಂ’ ಎಂದು ನರಳುತ್ತ ಮಾಮೂಲಿಗಿಂತ ಹಲವು ಪಟ್ಟು ಆಂಪಿಯರ್ ಎಳೆಯುತ್ತದೆ. ಕೆಲವು ಸೆಕೆಂಡಿಗೆ ಓವರ್‌ಲೋಡ್ ಸ್ವಿಚ್ ‘ಟಿಕ್’ ಎಂದು ಬಿಡಿಸುತ್ತದೆ, ತಣ್ಣಗಾದ ಮೇಲೆ ಮತ್ತೆ ಕೂಡಿಸುತ್ತದೆ, ಮತ್ತೆ ನರಳಾಟ. ಒಂದು ಬೇಸಿಗೆಯ ಸಂಜೆಗಳೆಲ್ಲ ಹೀಗೇ ಹೋದರೆ ವೈಂಡಿಂಗ್ ಸುಡದೆ ಇನ್ನೇನಾದೀತು? ಇಂಥ ಫ್ರಿಜ್‌ಗೆ, ಹಳೆಯ ಎಸಿಗೆ ಸ್ಟೆಬಿಲೈಸರ್ ಬೇಕೇ ಬೇಕು. ಈಗ ಬರುವ ಇನ್ವರ್ಟರ್ ಕಂಪ್ರೆಸರ್ ಫ್ರಿಜ್‌ಗಳಲ್ಲಿ ಹಲವು ‘ಸ್ಟೆಬಿಲೈಸರ್ ಬೇಡ’ ಎನ್ನುತ್ತವೆ. ಅದು ಸುಳ್ಳಲ್ಲ, ಆದರೆ ಆ ಮಾತಿನ ಕೆಳಗೆ ಸಣ್ಣಕ್ಷರದಲ್ಲಿ ಎಷ್ಟರಿಂದ ಎಷ್ಟು ವೋಲ್ಟ್ ತನಕ ಎಂದೂ ಬರೆದಿರುತ್ತದೆ. ನಿಮ್ಮ ಮನೆಯ ಏರಿಳಿತ ಆ ಗೆರೆಗಳ ಒಳಗಿದ್ದರೆ ದುಡ್ಡು ಉಳಿಸಿ.

ಸ್ಟೆಬಿಲೈಸರ್ ಮಾಡುವ ಕೆಲಸದ ಬಗ್ಗೆ ಒಂದು ಭ್ರಮೆಯಿದೆ. ಅದು ಕರೆಂಟ್ ಹುಟ್ಟಿಸುವುದಿಲ್ಲ. ಒಳಗಿರುವುದು ಹಲವು ಕವಲಿನ ಒಂದು ಟ್ರಾನ್ಸ್‌ಫಾರ್ಮರ್, ಕವಲು ಬದಲಿಸುವ ಕೆಲವು ರಿಲೇ. ಸಂಜೆ ಹೊತ್ತು ಕೇಳುವ ‘ಟಕ್ ಟಕ್’ ಆ ರಿಲೇಗಳದೇ. 160 ವೋಲ್ಟನ್ನು 220 ಮಾಡಿ ಫ್ರಿಜ್ಜಿಗೆ 2 ಆಂಪಿಯರ್ ಕೊಡಬೇಕಾದರೆ ಅದು ಲೈನಿನಿಂದ 2.75 ಆಂಪಿಯರ್ ಎಳೆಯಲೇಬೇಕು. ಬೀದಿಯ ಎಲ್ಲ ಮನೆಯಲ್ಲೂ ಸ್ಟೆಬಿಲೈಸರ್ ಕೂತರೆ ಎಲ್ಲರೂ ಹೆಚ್ಚು ಎಳೆಯುತ್ತಾರೆ, ಲೈನಿನ ವೋಲ್ಟೇಜ್ ಇನ್ನೂ ಕುಸಿಯುತ್ತದೆ, ಸ್ಟೆಬಿಲೈಸರ್ ಇಲ್ಲದ ಬಡವರ ಮನೆಯ ದೀಪ ಇನ್ನಷ್ಟು ಮಂಕಾಗುತ್ತದೆ.

ಕೊಳ್ಳುವುದೇ ಆದರೆ ಡಬ್ಬದ ಮೇಲೆ ನೋಡಬೇಕಾದದ್ದು ಮುಖ್ಯವಾಗಿ ‘ವರ್ಕಿಂಗ್ ರೇಂಜ್’. ಕೆಲವು 170ರಿಂದ 270ರವರೆಗೆ ಕೆಲಸ ಮಾಡುತ್ತವೆ, ಕೆಲವು 90ರಿಂದ 300ರವರೆಗೆ. ಅಗಲ ಹೆಚ್ಚಾದಷ್ಟೂ ಬೆಲೆ ಹೆಚ್ಚು. ಬೆಂಗಳೂರಿನ ಬಡಾವಣೆಯಲ್ಲಿ 210ರ ಕೆಳಗೆ ಇಳಿಯದ ಮನೆಗೆ 90 ವೋಲ್ಟಿನ ಸ್ಟೆಬಿಲೈಸರ್ ಯಾಕೆ? ಇನ್ನೊಂದು, ಕರೆಂಟ್ ಬಂದ ಮೇಲೆ ಮೂರು ನಿಮಿಷ ಕಾಯಿಸುವ ಟೈಮರ್. ಕಂಪ್ರೆಸರ್ ನಿಂತ ಕೂಡಲೇ ಗ್ಯಾಸಿನ ಒತ್ತಡ ಎರಡು ಕಡೆಗೂ ಸಮವಾಗಿರುವುದಿಲ್ಲ. ಹೋಗಿ ತಕ್ಷಣ ಬಂದ ಕರೆಂಟಿಗೆ ಮತ್ತೆ ಏಳಹೊರಟರೆ ಮೋಟಾರ್ ಸಿಕ್ಕಿಬೀಳುತ್ತದೆ. ಮನೆಯವರು ಆ ಮೂರು ನಿಮಿಷವನ್ನೇ ‘ಸ್ಟೆಬಿಲೈಸರ್ ಹಾಳಾಗಿದೆ’ ಎಂದುಕೊಂಡು ಬೈಪಾಸ್ ಮಾಡಿಸಿದ್ದನ್ನು ನೋಡಿದ್ದೇನೆ.

ಇನ್ನು ಯುಪಿಎಸ್. ಅಂಗಡಿಗೆ ವಾಪಸ್ ಬಂದ ಗಿರಾಕಿಯ ಬ್ಯಾಟರಿ ಯಾಕೆ ನಿಲ್ಲಲಿಲ್ಲ ಎಂಬುದಕ್ಕೆ ಉತ್ತರ ಹೆಚ್ಚಾಗಿ ಡಬ್ಬದ ಹಿಂಬದಿಯ ಒಂದು ಪುಟ್ಟ ಸ್ವಿಚ್ಚಿನಲ್ಲಿರುತ್ತದೆ. ಒಂದು ಕಡೆ ‘ಯುಪಿಎಸ್’, ಇನ್ನೊಂದು ಕಡೆ ‘ಇನ್ವರ್ಟರ್’, ‘ನಾರ್ಮಲ್’ ಅಥವಾ ‘ಇಕೋ’ ಎಂದಿರುತ್ತದೆ. ಯುಪಿಎಸ್ ಕಡೆಗಿದ್ದರೆ ಲೈನ್ ವೋಲ್ಟೇಜ್ ಸುಮಾರು 180ರ ಕೆಳಗಿಳಿದ ತಕ್ಷಣ ಅದು ಲೈನನ್ನು ಬಿಟ್ಟು ಬ್ಯಾಟರಿಗೆ ಹೋಗುತ್ತದೆ. ಕಂಪ್ಯೂಟರ್ ಆಫ್ ಆಗಬಾರದೆಂದು ಮಾಡಿದ ಏರ್ಪಾಡು ಇದು. ಸಂಜೆ 165 ವೋಲ್ಟ್ ಬರುವ ಮನೆಯಲ್ಲಿ ಏನಾಗುತ್ತದೆ ನೋಡಿ: ಬೀದಿಯಲ್ಲಿ ಕರೆಂಟಿದೆ, ಪಕ್ಕದ ಮನೆಯಲ್ಲಿ ಟಿವಿ ಓಡುತ್ತಿದೆ, ನಿಮ್ಮ ಮನೆ ಮಾತ್ರ ಗೊತ್ತೇ ಆಗದಂತೆ ಬ್ಯಾಟರಿಯಲ್ಲಿ ನಡೆಯುತ್ತಿದೆ. ಹತ್ತು ಗಂಟೆಗೆ ನಿಜವಾಗಿಯೂ ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ಏನೂ ಉಳಿದಿರುವುದಿಲ್ಲ. ಸ್ವಿಚ್ ಇನ್ನೊಂದು ಕಡೆಗಿದ್ದರೆ 100ರಿಂದ 290ರ ಆಸುಪಾಸಿನವರೆಗೆ ಬಂದದ್ದನ್ನು ಬಂದಂತೆಯೇ ಮನೆಗೆ ದಾಟಿಸುತ್ತದೆ. ಬಂದಂತೆಯೇ ಎಂಬುದನ್ನು ಗಮನಿಸಬೇಕು. ಲೈನಿನಲ್ಲಿ 165 ಇದ್ದರೆ ಫ್ಯಾನಿಗೂ 165. ಸಾಮಾನ್ಯ ಮನೆ ಯುಪಿಎಸ್ ವೋಲ್ಟೇಜ್ ಸರಿಮಾಡುವ ಯಂತ್ರವಲ್ಲ.

ಬ್ಯಾಟರಿಯ ಮೇಲಿನ ‘150 ಎಎಚ್’ ಎಂಬ ಅಂಕಿಯೂ ಅಷ್ಟೇ, ಪಕ್ಕದಲ್ಲಿ ‘ಸಿ20’ ಎಂದಿರುವುದನ್ನು ಯಾರೂ ಓದುವುದಿಲ್ಲ. 20 ಗಂಟೆಗಳ ಕಾಲ ನಿಧಾನವಾಗಿ, 7.5 ಆಂಪಿಯರ್‌ನಂತೆ ಖಾಲಿ ಮಾಡಿದರೆ 150 ಸಿಗುತ್ತದೆ ಎಂದರ್ಥ. ಅಂದರೆ 90 ವ್ಯಾಟ್ ಲೋಡ್. ನಿಮ್ಮ ಮನೆಯಲ್ಲಿ ನಾಲ್ಕು ಫ್ಯಾನ್, ಆರು ಬಲ್ಬ್ ಸೇರಿ 360 ವ್ಯಾಟ್ ಆದರೆ ಬ್ಯಾಟರಿಯಿಂದ ಹರಿಯುವುದು 35 ಆಂಪಿಯರ್. ಅಷ್ಟು ವೇಗದಲ್ಲಿ ಎಳೆದರೆ ಆಸಿಡ್ ಬ್ಯಾಟರಿ ತನ್ನ ಪೂರ್ತಿ ಸಂಗ್ರಹವನ್ನು ಬಿಟ್ಟುಕೊಡುವುದಿಲ್ಲ. ಹೊಸತರಲ್ಲಿ ಮೂರು ಗಂಟೆ ಬಂದರೆ ದೊಡ್ಡದು.

ಇದಕ್ಕೆ ಜೋಡಿ ಬ್ಯಾಟರಿ ಹಾಕಿಸಿ ಎನ್ನುತ್ತಾರೆ ಅಂಗಡಿಯವರು. ನಾನು ಫ್ಯಾನ್ ಬದಲಿಸಿ ಎನ್ನುತ್ತೇನೆ. ಹಳೆಯ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ನಾಲ್ಕು ಫ್ಯಾನ್ ಬದಲಾದರೆ 300 ವ್ಯಾಟ್ 120ಕ್ಕೆ ಇಳಿಯುತ್ತದೆ, ಅದೇ ಬ್ಯಾಟರಿ ಎರಡು ಪಟ್ಟಿಗೂ ಹೆಚ್ಚು ಹೊತ್ತು ನಿಲ್ಲುತ್ತದೆ. ಬ್ಯಾಟರಿ ನಾಲ್ಕೈದು ವರ್ಷಕ್ಕೆ ಗುಜರಿ ಸೇರುತ್ತದೆ, ಫ್ಯಾನ್ ಕರೆಂಟ್ ಇದ್ದಾಗಲೂ ಬಿಲ್ ಇಳಿಸುತ್ತಿರುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯವಾಗಿರುವುದರಿಂದ ಆರಿಸುವುದೂ ಸುಲಭ. ವೈ-ಫೈ ಒಂದೇ ನಿಲ್ಲಬಾರದು ಎನ್ನುವ ವರ್ಕ್ ಫ್ರಮ್ ಹೋಮ್ ಮಂದಿಗೆ ಯುಪಿಎಸ್ಸೂ ಬೇಡ. ರೌಟರ್‌ಗೆಂದೇ ಅಂಗೈಯಗಲದ 12 ವೋಲ್ಟಿನ ಪುಟ್ಟ ಬ್ಯಾಕಪ್ ಸಿಗುತ್ತದೆ.

ಯುಪಿಎಸ್ ಸುಮ್ಮನೆ ಕೂತಾಗಲೂ ಒಂದಿಷ್ಟು ತಿನ್ನುತ್ತದೆ. 20 ವ್ಯಾಟ್ ಎಂದಿಟ್ಟುಕೊಂಡರೆ ತಿಂಗಳಿಗೆ 14 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮಿತಿಯ ಅಂಚಿನಲ್ಲಿರುವ ಮನೆಯವರು ಈ ಲೆಕ್ಕವನ್ನೂ ನೆನಪಿಡುವುದು ಒಳ್ಳೆಯದು.

ಟ್ಯೂಬುಲರ್ ಬ್ಯಾಟರಿಯ ಆರೈಕೆಯಲ್ಲಿ ಗುಟ್ಟೇನಿಲ್ಲ: ಕೆಂಪು ಫ್ಲೋಟ್ ಇಳಿದರೆ ಡಿಸ್ಟಿಲ್ಡ್ ವಾಟರ್, ಟರ್ಮಿನಲ್ಲಿಗೆ ಚೂರು ಪೆಟ್ರೋಲಿಯಂ ಜೆಲ್ಲಿ. ಬೋರ್‌ವೆಲ್ ನೀರು ಹಾಕುವವರಿದ್ದಾರೆ, ಆರ್‌ಒ ನೀರು ಶುದ್ಧ ಎಂದುಕೊಂಡು ಹಾಕುವವರೂ ಇದ್ದಾರೆ. ಎರಡರಲ್ಲೂ ಲವಣ ಇರುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ದೇವರ ಮನೆಯ ದೀಪದ ಪಕ್ಕದಲ್ಲಿ, ಗಾಳಿಯಾಡದ ಮೆಟ್ಟಿಲಡಿಯ ಗೂಡಿನಲ್ಲಿ ಇಡಬಾರದು. ವಾರಂಟಿ ಕಾರ್ಡಿನಲ್ಲಿ ‘36+24’ ಎಂದಿದ್ದರೆ 60 ತಿಂಗಳೂ ಬದಲಿಸಿ ಕೊಡುತ್ತಾರೆಂದಲ್ಲ. ಮೊದಲ 36 ತಿಂಗಳು ಹಾಗೆ, ಆಮೇಲಿನ 24ರಲ್ಲಿ ಹೊಸದರ ಬೆಲೆಯಲ್ಲಿ ಅಷ್ಟಿಷ್ಟು ರಿಯಾಯಿತಿ ಮಾತ್ರ. ಲಿಥಿಯಂ ಬ್ಯಾಟರಿಗೆ ನೀರಿನ ಗೊಡವೆಯಿಲ್ಲ, ಬಾಳಿಕೆಯೂ ಹೆಚ್ಚು. ಆದರೆ ಹಳೆಯ ಯುಪಿಎಸ್‌ಗೆ ಅದನ್ನು ಹಾಗೇ ಕಟ್ಟಬಾರದು, ಅದರ ಚಾರ್ಜಿಂಗ್ ಕ್ರಮ ಬೇರೆ.

ಸೋಲಾರ್ ಹಾಕಿಸಿದ್ದೇವಲ್ಲ, ಇನ್ನೇನು ಚಿಂತೆ ಎನ್ನುವವರಿಗೆ ಒಂದು ಮಾತು. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಡಿ 3 ಕಿಲೊವ್ಯಾಟಿಗೆ 78,000 ರೂಪಾಯಿಯವರೆಗೆ ಸಬ್ಸಿಡಿ ಪಡೆದು ಹಾಕಿಸಿದ ಆನ್-ಗ್ರಿಡ್ ಪ್ಯಾನೆಲ್, ಬೀದಿಯಲ್ಲಿ ಕರೆಂಟ್ ಹೋದರೆ ಸುಡುಬಿಸಿಲಿನಲ್ಲೂ ನಿಂತುಹೋಗುತ್ತದೆ. ಅದು ದೋಷವಲ್ಲ, ಕಂಬದ ಮೇಲೆ ಕೆಲಸ ಮಾಡುತ್ತಿರುವ ಪವರ್‌ಮ್ಯಾನ್‌ಗೆ ನಿಮ್ಮ ತಾರಸಿಯಿಂದ ಹೋದ ಕರೆಂಟ್ ಹೊಡೆಯಬಾರದೆಂದು ಮಾಡಿದ ಕಡ್ಡಾಯ ಏರ್ಪಾಡು. ಬ್ಯಾಕಪ್ಪೂ ಬೇಕೆಂದರೆ ಬ್ಯಾಟರಿ ಸಹಿತದ ಹೈಬ್ರಿಡ್ ಇನ್ವರ್ಟರನ್ನೇ ಕೇಳಬೇಕು. ಇದೇ ಕಾರಣಕ್ಕೆ, ಜನರೇಟರ್ ತಂದು ಎರಡು ಕಡೆಯೂ ಪ್ಲಗ್ ಇರುವ ವೈರಿನಿಂದ ಗೋಡೆಯ ಸಾಕೆಟ್ಟಿಗೆ ಚುಚ್ಚುವುದು ಕೊಲೆಗೆ ಸಮ. ಮನೆಯ 230 ವೋಲ್ಟ್ ಟಿಸಿಯನ್ನು ಹಿಮ್ಮುಖವಾಗಿ ಹೊಕ್ಕರೆ ಆ ಕಡೆ ಸಾವಿರಾರು ವೋಲ್ಟಾಗಿ ಹೊರಬೀಳುತ್ತದೆ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಬೇಡವೇ ಬೇಡ.

ಮಲೆನಾಡಿನ ಕೆಲವು ಒಂಟಿಮನೆಗಳಲ್ಲಿ ಇನ್ನೊಂದು ಬಗೆಯ ಏರ್ಪಾಡಿದೆ. ಮಳೆಗಾಲದಲ್ಲಿ ಮರ ಬಿದ್ದು ವಾರಗಟ್ಟಲೆ ಲೈನ್ ಇಲ್ಲದಿದ್ದಾಗ ಇವರು ಗುಡ್ಡದ ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ ಒಂದು ಕಿಲೊವ್ಯಾಟ್ ಆಸುಪಾಸಿನ ಪುಟ್ಟ ಟರ್ಬೈನ್ ತಿರುಗಿಸುತ್ತಾರೆ. ಅಲ್ಲಿನ ವೋಲ್ಟೇಜ್ ನಿಯಂತ್ರಣ ನೋಡಲು ಚೆಂದ. ಮನೆಯಲ್ಲಿ ದೀಪ ಆರಿಸಿದರೆ ಲೋಡ್ ಕಡಿಮೆಯಾಗಿ ಟರ್ಬೈನ್ ಹುಚ್ಚೆದ್ದು ಓಡಬೇಕು, ವೋಲ್ಟೇಜ್ ಏರಬೇಕು. ಅದಾಗದಂತೆ ಒಂದು ಕಂಟ್ರೋಲರ್, ಉಳಿದ ಕರೆಂಟನ್ನೆಲ್ಲ ನೀರು ಕಾಯಿಸುವ ಕಾಯಿಲಿಗೆ ತಿರುಗಿಸುತ್ತದೆ. ದೀಪ ಆರಿದಷ್ಟೂ ಬಚ್ಚಲ ನೀರು ಬಿಸಿ!

ಈಗ ಕಂಬದ ಮೇಲಿನ ಆ ಮೂರನೆಯ ಕಾರಣಕ್ಕೆ ಬರೋಣ, ಯಾಕೆಂದರೆ ನಿಜವಾದ ಅಪಾಯ ಅಲ್ಲಿದೆ. ಮೂರು ಫೇಸ್‌ಗೂ ಸೇರಿ ಕಂಬದಲ್ಲಿ ಒಂದೇ ನ್ಯೂಟ್ರಲ್ ತಂತಿ. ಅದು ತುಂಡಾದರೆ ಅಥವಾ ಜಾಯಿಂಟ್ ಸಡಿಲವಾದರೆ ಬೇರೆ ಬೇರೆ ಫೇಸಿನ ಎರಡು ಮನೆಗಳು ಒಂದರ ಹಿಂದೊಂದು ಸೇರಿಕೊಂಡು 415 ವೋಲ್ಟನ್ನು ಹಂಚಿಕೊಳ್ಳುತ್ತವೆ. ಹಂಚಿಕೆ ಸಮವಲ್ಲ. ಆ ಮನೆಯಲ್ಲಿ 2,000 ವ್ಯಾಟಿನ ಗೀಸರ್ ಓಡುತ್ತಿದ್ದು ಈ ಮನೆಯಲ್ಲಿ ಬರೀ 200 ವ್ಯಾಟಿನ ಲೋಡ್ ಇದ್ದರೆ, ಗೀಸರ್ ಮನೆಗೆ 40 ವೋಲ್ಟೂ ಸಿಗುವುದಿಲ್ಲ, ಈ ಮನೆಗೆ 375 ದಾಟುತ್ತದೆ. ‘ಒಂದೇ ಏಟಿಗೆ ಟಿವಿ, ಫ್ರಿಜ್, ಎಲ್ಲಾ ಬಲ್ಬು ಸುಟ್ಟುಹೋದವು’ ಎಂಬ ಸುದ್ದಿಯ ಹಿಂದೆ ಸಾಮಾನ್ಯವಾಗಿ ಇರುವುದು ಇದೇ. ಇದನ್ನು ಮಾಮೂಲಿ ಸ್ಟೆಬಿಲೈಸರ್ ತಡೆಯಲಾರದು. ಮೀಟರ್ ಪಕ್ಕದ ಡಿಬಿ ಬಾಕ್ಸಿನಲ್ಲಿ ಕೂರುವ ಓವರ್–ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಎಂಬ ಸಣ್ಣ ಸಾಧನ ತಡೆಯುತ್ತದೆ. ವೋಲ್ಟೇಜ್ ಮಿತಿ ಮೀರಿದರೆ ಇಡೀ ಮನೆಯನ್ನೇ ಕಳಚಿ, ಸರಿಹೋದ ಮೇಲೆ ತಾನೇ ಕೂಡಿಸುತ್ತದೆ. ಒಂದನ್ನೇ ಕೊಳ್ಳಲು ದುಡ್ಡಿದೆ ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನು. ಸಿಡಿಲಿಗೆ ಮಾತ್ರ ಇದೂ ಸಾಲದು. ಏಪ್ರಿಲ್–ಮೇ ಗುಡುಗಿಗೆ ಪ್ಲಗ್ ಕಿತ್ತಿಡುವ ನಮ್ಮ ಹಿರಿಯರ ಅಭ್ಯಾಸವೇ ಈಗಲೂ ಸರಿ.

ಎಲೆಕ್ಟ್ರಿಷಿಯನ್ನರ ಒಂದು ಕೆಟ್ಟ ಚಾಳಿಯನ್ನು ಇಲ್ಲಿ ಹೇಳದೆ ಇರಲಾರೆ. ಯುಪಿಎಸ್ ಲೈನಿನ ನ್ಯೂಟ್ರಲನ್ನು ಮನೆಯ ಉಳಿದ ನ್ಯೂಟ್ರಲ್ ಜೊತೆ ಎಲ್ಲೋ ಸೇರಿಸಿಬಿಡುತ್ತಾರೆ. ಆರ್‌ಸಿಸಿಬಿ ಪದೇಪದೇ ಟ್ರಿಪ್ ಆಗುತ್ತದೆ. ವೈರಿಂಗ್ ಸರಿಮಾಡುವ ಬದಲು ‘ಇದೇ ತೊಂದ್ರೆ ಕೊಡ್ತಿರೋದು’ ಎಂದು ಆರ್‌ಸಿಸಿಬಿಯನ್ನೇ ತೆಗೆದುಹಾಕುತ್ತಾರೆ. ಶಾಕ್ ಹೊಡೆದಾಗ ಜೀವ ಉಳಿಸುವ, 30 ಮಿಲಿಆಂಪಿಯರ್ ಸೋರಿದರೂ ಕರೆಂಟ್ ಕಡಿಯುವ ಸಾಧನ ಅದು. ತೆಗೆಯಲು ಬಿಡಬೇಡಿ.

ಹಾಗಾದರೆ ನಿಮ್ಮ ಮನೆಯ ತೊಂದರೆ ಯಾವುದು? ಸಾಕೆಟ್ಟಿಗೆ ಚುಚ್ಚುವ ಡಿಜಿಟಲ್ ವೋಲ್ಟ್‌ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಹಲವು ಹೊಸ ವಿದ್ಯುತ್ ಮೀಟರ್‌ಗಳ ಪರದೆಯಲ್ಲೂ ವೋಲ್ಟೇಜ್ ಬಂದು ಹೋಗುತ್ತದೆ. ಒಂದು ವಾರ ಬೆಳಗ್ಗೆ, ಮಧ್ಯಾಹ್ನ, ಸಂಜೆ ಏಳಕ್ಕೆ, ಮಲಗುವ ಮುಂಚೆ ಕ್ಯಾಲೆಂಡರಿನ ಮೇಲೆ ಬರೆದಿಡಿ. ನಿಮ್ಮದೇ ಗೀಸರ್ ಹಾಕಿದ ಕ್ಷಣದಲ್ಲಿ 15 ವೋಲ್ಟ್ ಕುಸಿದರೆ ತೊಂದರೆ ಬಹುಶಃ ನಿಮ್ಮ ಸರ್ವಿಸ್ ವೈರಿನಲ್ಲಿ ಅಥವಾ ಕಂಬದ ಜಾಯಿಂಟಿನಲ್ಲಿದೆ. ಸುಮಾರು 120 ವ್ಯಾಟ್ ಶಾಖ ದಾರಿಯಲ್ಲೇ ವ್ಯರ್ಥವಾಗುತ್ತಿದೆ, ಒಂದು ದಿನ ಆ ಜಾಯಿಂಟ್ ಸುಡುತ್ತದೆ. ನೀವು ಏನೂ ಹಾಕದಿದ್ದರೂ ಸಂಜೆ ಇಡೀ ಬೀದಿಗೆ ಕುಸಿದರೆ ಟಿಸಿಯ ಮೇಲೆ ಹೊರೆ ಹೆಚ್ಚಿದೆ, ಇಲ್ಲವೇ ಲೈನ್ ಉದ್ದವಾಗಿದೆ. ಒಂದು ಮನೆಯಲ್ಲಿ ಬಲ್ಬ್ ಮಂಕಾದಾಗ ಇನ್ನೊಂದರಲ್ಲಿ ಝಗ್ಗೆಂದು ಬೆಳಗಿದರೆ ಅದು ನ್ಯೂಟ್ರಲ್. ಮೇನ್ ಸ್ವಿಚ್ ಆಫ್ ಮಾಡಿ, ಆ ಕ್ಷಣವೇ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಉಳಿದವಕ್ಕೆ ಫೋನ್ ಸಾಲದು. ಬೀದಿಯ ಎಂಟು-ಹತ್ತು ಮನೆಯವರು ಆ ವಾರದ ಅಂಕಿಗಳನ್ನು ಲಗತ್ತಿಸಿ ಸೆಕ್ಷನ್ ಆಫೀಸಿಗೆ ಲಿಖಿತ ಅರ್ಜಿ ಕೊಡಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ‘ವೋಲ್ಟೇಜ್ ಸರಿಯಿಲ್ಲ’ ಎಂಬ ಬಾಯಿಮಾತಿಗೆ ‘ನೋಡೋಣ’ ಎನ್ನುವ ಅಧಿಕಾರಿ, ‘ಸಂಜೆ 7ಕ್ಕೆ 168 ವೋಲ್ಟ್’ ಎಂಬ ಏಳು ದಿನದ ಪಟ್ಟಿಗೆ ಹಾಗನ್ನುವುದು ಕಷ್ಟ. ಕೆಲಸ ಆಗದಿದ್ದರೆ ಜನಸಂಪರ್ಕ ಸಭೆಯಿದೆ. 2003ರ ವಿದ್ಯುತ್ ಕಾಯ್ದೆ ಪ್ರತಿ ವಿದ್ಯುತ್ ಸರಬರಾಜು ಕಂಪನಿಯೂ ಗ್ರಾಹಕರ ಕುಂದುಕೊರತೆ ವೇದಿಕೆ ಹೊಂದಿರಬೇಕೆಂದು ಹೇಳುತ್ತದೆ, ಅಲ್ಲೂ ಬಗೆಹರಿಯದಿದ್ದರೆ ಓಂಬುಡ್ಸ್‌ಮನ್ ಇದ್ದಾರೆ. ಹೆಚ್ಚುವರಿ ಟಿಸಿ ಬೀಳುವುದು ಇಂಥ ಕಾಗದಗಳಿಂದಲೇ. ಮಳೆಗಾಲ ಶುರುವಾದರೆ ಸಿಬ್ಬಂದಿಯೆಲ್ಲ ಮುರಿದ ಕಂಬಗಳ ಹಿಂದೆ ಇರುತ್ತಾರೆ, ಆದ್ದರಿಂದ ಅರ್ಜಿಯನ್ನು ಏಪ್ರಿಲ್‌ನೊಳಗೇ ಕೊಡಿ. ಸ್ಟೆಬಿಲೈಸರ್ ಕೊಳ್ಳುವುದನ್ನು ಅದರ ಫಲ ನೋಡಿಕೊಂಡು ತೀರ್ಮಾನಿಸಿ.